ಕಸಿ ಕಣ್ಣಿಗೆ ಪೊರೆ ಬಂದರೆ

ಮಂಡ್ಯದ ಸೀಮೆಯ ಆಡುಮಾತಿನಲ್ಲಿ ಕಣ್ಣು ಬೆಳ್ಳಗಾಗುವುದಕ್ಕೆ ಎರಡು ಹೆಸರುಗಳುಂಟು. ‘ಹೂ ಬಿತ್ತು’ ಎಂಬುದು ಒಂದು. ‘ಪೊರೆ ಬಂತು’ ಎಂಬುದು ಮತ್ತೊಂದು. ಪೇಟೆಯಲ್ಲಿ ಬೆಳೆದವರು ಇವೆರಡನ್ನೂ ಒಂದೇ ಎಂದು ಭಾವಿಸುವುದುಂಟು. ಹಳ್ಳಿಯ ಮುದುಕಿಯರು ಹಾಗೆ ಭಾವಿಸುವುದಿಲ್ಲ. ಅವರ ವಿಂಗಡಣೆ ವೈದ್ಯಶಾಸ್ತ್ರಕ್ಕೂ ಒಪ್ಪುವಂಥದು. ಕೈಗಡಿಯಾರದ ಮುಖದ ಮೇಲೆ ಒಂದು ಗಾಜಿರುವಂತೆ ಕಣ್ಣಿನ ಕರಿಯ ಭಾಗದ ಮೇಲೆ ತಿಳಿಯಾದ ಒಂದು ಪಟಲವಿದೆ. ಅದಕ್ಕೆ ಕಾರ್ನಿಯಾ ಎಂದು ಹೆಸರು. ಪೆಟ್ಟಿನಿಂದಲೋ ಹುಣ್ಣಿನಿಂದಲೋ ಅದರಲ್ಲಿ ಬಿಳಿಯ ಕಲೆ ನಿಂತರೆ ಅದು ಹೂ. ಪಾಪೆಯ ಹಿಂದೆ, ಕಣ್ಣಿನ ಒಳಗೆ, ಅವರೆಕಾಳಿನಷ್ಟು ಗಾತ್ರದ ಮಸೂರವೊಂದಿದೆ. ವಯಸ್ಸಿನಿಂದಲೋ ಬೇರೆ ಕಾರಣದಿಂದಲೋ ಅದು ಮಬ್ಬಾದರೆ ಅದು ಪೊರೆ. ಒಂದು ಹೊರಗಿನ ಗಾಜಿನ ದೋಷ, ಇನ್ನೊಂದು ಒಳಗಿನ ಗಾಜಿನ ದೋಷ.

ಹೂ ಬಿದ್ದ ಕಣ್ಣಿಗೆ, ತೀರಿಹೋದವರೊಬ್ಬರ ಕಾರ್ನಿಯಾವನ್ನು ಕಸಿ ಮಾಡಿ ನೋಟವನ್ನು ಮರಳಿಸಬಹುದೆಂಬುದು ಈಗ ಎಲ್ಲರೂ ಬಲ್ಲ ಸಂಗತಿ. ಪೊರೆಯನ್ನು ತೆಗೆದು ಕೃತಕ ಮಸೂರವನ್ನು ಇಡುವುದಂತೂ ಮನೆಮಾತು. ಆದರೆ ಒಮ್ಮೆ ಕಸಿಯಾದ ಕಣ್ಣಿಗೇ ಹತ್ತು ವರ್ಷದ ಬಳಿಕ ಪೊರೆ ಬಂದರೆ ಏನು ಮಾಡಬೇಕು? ನೆರೆಮನೆಯವರಿಗೆ ಕಾಲು ಗಂಟೆಯಲ್ಲಿ ಮುಗಿದ ಶಸ್ತ್ರಕ್ರಿಯೆಯೇ ಈ ಕಣ್ಣಿಗೂ ಸಾಕೆ? ಹೆಸರು ಒಂದೇ ಆದರೂ ಕಸಿ ಕಣ್ಣಿನಲ್ಲಿ ಅದು ಬೇರೆಯೇ ಶಸ್ತ್ರಕ್ರಿಯೆ. ಇದನ್ನು ಮನೆಯವರು ಮೊದಲೇ ತಿಳಿದಿದ್ದರೆ ಒಳ್ಳೆಯದು.

ಇಂಥ ಕಣ್ಣುಗಳು ಹುಟ್ಟುವ ಕಾರಣ ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿನಲ್ಲಿಯೇ ಉಂಟು. 1930ರ ದಶಕದಲ್ಲಿ ಕನ್ನಂಬಾಡಿ ಕಟ್ಟೆಯ ನೀರು ನಾಲೆಗಳಲ್ಲಿ ಹರಿದು ಬಂದಿತು; 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಮಂಡ್ಯದಲ್ಲಿ ನೆಲೆಗೊಂಡಿತು. ರಾಗಿಯ ಹೊಲಗಳಿದ್ದ ಕಡೆ ಬತ್ತದ ಗದ್ದೆಯೂ ಕಬ್ಬಿನ ತೋಟವೂ ಎದ್ದು ನಿಂತುವು. ಸೀಮೆಗೆ ಸಿರಿ ಬಂದುದು ಈ ಎರಡು ಪೈರುಗಳಿಂದ. ಆದರೆ ಕಬ್ಬಿನ ಸೋಗೆಯ ಅಂಚು ಗರಗಸದಂಥದು. ಕಟಾವಿನ ಸಮಯದಲ್ಲಿ ಅದು ಕಣ್ಣಿಗೆ ಗೀರಿದರೆ ಗಾಯ ಸಣ್ಣದೆಂದು ಕಂಡರೂ ಸಣ್ಣದಲ್ಲ. ಬತ್ತವನ್ನು ತೂರುವಾಗ ಹಾರಿ ಬರುವ ಹೊಟ್ಟು, ಕಣದಲ್ಲಿ ಸಿಡಿಯುವ ಕಾಳು, ಇವೂ ಅಂಥವೇ. ಹಸಿರು ಪದಾರ್ಥದಿಂದಾದ ಗಾಯದೊಳಕ್ಕೆ ಬೂಷ್ಟಿನ ಜಾತಿಯ ಶಿಲೀಂಧ್ರಗಳು ಹೊಕ್ಕು ಹುಣ್ಣು ಮಾಡುವುದು ದಕ್ಷಿಣ ಭಾರತದ ಬೇಸಾಯದ ಊರುಗಳಲ್ಲೆಲ್ಲ ನೇತ್ರವೈದ್ಯರು ದಿನವೂ ಕಾಣುವ ಬೇನೆ. ಗಾಯವಾದ ದಿನ ಎದೆಹಾಲು ಹಿಂಡುವುದು, ಯಾವುದೋ ಸೊಪ್ಪಿನ ರಸ ಬಿಡುವುದು, ಮೂರನೆಯ ದಿನ ಔಷಧದಂಗಡಿಯಲ್ಲಿ ಕೇಳಿ ಪಡೆದ ಯಾವುದೋ ಹನಿಮದ್ದನ್ನು ಹಾಕುವುದು, ಎಂಟನೆಯ ದಿನ ಆಸ್ಪತ್ರೆಗೆ ಹೊರಡುವುದು: ಈ ಕ್ರಮದಲ್ಲಿ ಕಳೆದುಹೋದ ಕಣ್ಣುಗಳು ಕಡಿಮೆಯಲ್ಲ. ಹುಣ್ಣು ಮಾಗಿದರೂ ಕಲೆ ಉಳಿಯುತ್ತದೆ. ಅದೇ ಹೂ.

ಸುಣ್ಣದ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಆಲೆಮನೆಯಲ್ಲಿ ಕಬ್ಬಿನ ಹಾಲಿನ ಕೊಳೆ ತೆಗೆಯಲು ಸುಣ್ಣ ಹಾಕುವುದುಂಟು. ಎಲೆಯಡಿಕೆಯ ಸುಣ್ಣವಂತೂ ಮನೆಮನೆಯಲ್ಲಿದೆ. ಮಕ್ಕಳು ಅದರ ಪೊಟ್ಟಣವನ್ನು ಹಿಸುಕಿ ಆಡುವಾಗ ಅದು ಕಣ್ಣಿಗೆ ಚಿಮ್ಮಿದರೆ ಕ್ಷಣಮಾತ್ರದಲ್ಲಿ ಕಾರ್ನಿಯಾ ಬೆಂದುಹೋಗುತ್ತದೆ. ಹಾಗಾದ ಒಡನೆ ಮಾಡಬೇಕಾದುದು ಒಂದೇ: ಶುದ್ಧವಾದ ನೀರನ್ನು ಧಾರೆಯಾಗಿ ಸುರಿದು ಕಣ್ಣನ್ನು ಬಹಳ ಹೊತ್ತು ತೊಳೆಯುವುದು, ಆಮೇಲೆ ಆಸ್ಪತ್ರೆಗೆ ಓಡುವುದು.

ಪ್ರಪಂಚದಲ್ಲಿ ಮನುಷ್ಯರ ಕಾರ್ನಿಯಾದ ಕಸಿ ಮೊದಲು ಫಲಿಸಿದುದೂ ಸುಣ್ಣದಿಂದ ಕೆಟ್ಟ ಕಣ್ಣಿನಲ್ಲಿಯೇ. ಆಗಿನ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿದ್ದ ಮೊರಾವಿಯಾ ಪ್ರಾಂತದ ಓಲೊಮೌತ್ಸ್ ಎಂಬ ಊರಿನಲ್ಲಿ 1905ನೆಯ ಇಸವಿ ಡಿಸೆಂಬರ್ 7ರಂದು ಎಡ್ವರ್ಡ್ ಜಿರ್ಮ್ ಎಂಬ ವೈದ್ಯನು ಆ ಶಸ್ತ್ರಕ್ರಿಯೆಯನ್ನು ಮಾಡಿದನು. ರೋಗಿ ಆಲೊಯಿಸ್ ಗ್ಲೋಗರ್ ಎಂಬ ಕೂಲಿಗಾರ. ಸುಣ್ಣ ಅರಳಿಸುವಾಗ ಅದು ಸಿಡಿದು ಅವನ ಎರಡು ಕಣ್ಣುಗಳೂ ಹೋಗಿದ್ದುವು. ಲೋಹದ ಚೂರು ಹೊಕ್ಕು ನೋಟ ಕೆಟ್ಟಿದ್ದ ಹನ್ನೊಂದು ವರ್ಷದ ಹುಡುಗನೊಬ್ಬನ ಕಣ್ಣನ್ನು ತೆಗೆಯಬೇಕಾಗಿ ಬಂದಾಗ ಅದರ ಕಾರ್ನಿಯಾವನ್ನು ಜಿರ್ಮನು ಗ್ಲೋಗರನಿಗೆ ಕೂಡಿಸಿದನು. ಒಂದು ಕಣ್ಣಿನ ಕಸಿ ಕೆಟ್ಟಿತು. ಇನ್ನೊಂದು ಕಣ್ಣಿನದು ತಿಳಿಯಾಗಿ ನಿಂತಿತು. ಜೀವಂತರ ಕಣ್ಣನ್ನೇ ಕಾಯುತ್ತ ಕುಳಿತರೆ ಕೆಲಸ ಸಾಗದಲ್ಲವೆ? ಮೃತರ ಕಣ್ಣೂ ಆದೀತೆಂಬುದನ್ನು 1930ರ ದಶಕದಲ್ಲಿ ಒಡೆಸ್ಸಾ ನಗರದ ಫಿಲಾಟೊವ್ ತೋರಿಸಿಕೊಟ್ಟನು. ಭಾರತದ ಮೊದಲನೆಯ ನೇತ್ರಭಂಡಾರ 1945ರಲ್ಲಿ ಮದರಾಸಿನಲ್ಲಿ ಸ್ಥಾಪನೆಯಾಯಿತು.

ಕನ್ನಡಿಗರಿಗೆ ಈ ವಿಷಯ ಹತ್ತಿರವಾದುದು ಚಿತ್ರರಂಗದ ಒಂದು ಮನೆತನದಿಂದ. 1954ರಲ್ಲಿ ‘ಬೇಡರ ಕಣ್ಣಪ್ಪ’ ಚಿತ್ರದಲ್ಲಿ ಶಿವನಿಗೆ ತನ್ನ ಕಣ್ಣುಗಳನ್ನೇ ಕಿತ್ತುಕೊಡುವ ಬೇಡನ ಪಾತ್ರದಿಂದ ನಾಯಕನಟರಾದ ಡಾ. ರಾಜಕುಮಾರ್, 2006ರ ಏಪ್ರಿಲ್ 12ರಂದು ತೀರಿಕೊಂಡಾಗ ಅವರ ಕಣ್ಣುಗಳು ದಾನವಾಗಿ ಸಂದುವು. 2017ರಲ್ಲಿ ಪಾರ್ವತಮ್ಮನವರ ಕಣ್ಣುಗಳೂ ಸಂದುವು. 2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ ಅಕಾಲದಲ್ಲಿ ಅಗಲಿದಾಗ ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಅವರ ಎರಡು ಕಾರ್ನಿಯಾಗಳಿಂದ ನಾಲ್ವರಿಗೆ ನೋಟ ಕೊಟ್ಟರು. ಒಂದೊಂದು ಕಾರ್ನಿಯಾವನ್ನೂ ಹೊರಪದರ, ಒಳಪದರ ಎಂದು ಸೀಳಿ, ಮೇಲ್ಭಾಗ ಕೆಟ್ಟಿದ್ದ ಇಬ್ಬರಿಗೆ ಹೊರಪದರವನ್ನೂ ಒಳಭಾಗ ಕೆಟ್ಟಿದ್ದ ಇಬ್ಬರಿಗೆ ಒಳಪದರವನ್ನೂ ಇಟ್ಟರು. ಆ ದಿನಗಳಲ್ಲಿ ನೇತ್ರದಾನದ ಪತ್ರಗಳಿಗೆ ಸಹಿ ಹಾಕಲು ಜನ ಮುಗಿಬಿದ್ದುದನ್ನು ಓದುಗರು ಮರೆತಿರಲಾರರು. ಆದರೆ ದಾನದ ಸುದ್ದಿಗೆ ಸಿಕ್ಕಿದಷ್ಟು ಪ್ರಚಾರ, ದಾನವನ್ನು ಪಡೆದ ಕಣ್ಣು ಮುಂದೆ ಹೇಗೆ ಬಾಳಬೇಕೆಂಬ ವಿಷಯಕ್ಕೆ ಸಿಕ್ಕಿಲ್ಲ.

ಒಳಪದರ ಎಂದೆವಲ್ಲ, ಕಸಿಯ ಆಯುಷ್ಯವೆಲ್ಲ ಇರುವುದು ಅಲ್ಲಿಯೇ. ಕಾರ್ನಿಯಾದ ದಪ್ಪ ನಡುವಿನಲ್ಲಿ ಸುಮಾರು ಅರ್ಧ ಮಿಲಿಮೀಟರು. ಅದರ ಒಳಮೈಗೆ ಒಂದೇ ಒಂದು ಸಾಲಿನ ಜೀವಕೋಶಗಳು, ಜೇನುಹಟ್ಟಿಯ ಕಣ್ಣುಗಳಂತೆ ಆರು ಮೂಲೆಯವು, ಒಂದಕ್ಕೊಂದು ಅಂಟಿಕೊಂಡು ಹಾಸಿವೆ. ಕಣ್ಣಿನ ಒಳಗಿನ ನೀರು ಸದಾ ಕಾರ್ನಿಯಾದೊಳಕ್ಕೆ ಜಿನುಗುತ್ತಲೇ ಇರುತ್ತದೆ. ಈ ಕೋಶಗಳು ಅದನ್ನು ಹಗಲಿರುಳೂ ಹೊರಕ್ಕೆ ಎತ್ತಿ ಹಾಕುತ್ತಲೇ ಇರುತ್ತವೆ. ತಗ್ಗಿನ ಗದ್ದೆಯಲ್ಲಿ ನಿಂತ ನೀರನ್ನು ಪಂಪು ಹಚ್ಚಿ ಬಸಿಯುವಂಥ ಕೆಲಸ. ಈ ಕೆಲಸ ನಡೆಯುವವರೆಗೆ ಕಾರ್ನಿಯಾ ಗಾಜಿನಂತೆ ತಿಳಿ. ನಿಂತ ದಿನ ಅದು ನೀರು ಕುಡಿದು ಊದಿ, ಮಂಜು ಹಿಡಿದ ಕಿಟಕಿಯಂತಾಗುತ್ತದೆ.

ಈ ಕೋಶಗಳು ಮನುಷ್ಯನಲ್ಲಿ ಮರಳಿ ಹುಟ್ಟುವುದಿಲ್ಲ. ಪ್ರಾಯದವರ ಕಣ್ಣಿನಲ್ಲಿ ಒಂದು ಚದರ ಮಿಲಿಮೀಟರಿಗೆ 2500ರಿಂದ 3000ದಷ್ಟಿರುತ್ತವೆ. ಸಹಜವಾದ ಕಣ್ಣಿನಲ್ಲಿ ವರ್ಷಕ್ಕೆ ನೂರಕ್ಕೆ ಒಂದಕ್ಕಿಂತ ಕಡಿಮೆ ಸಾಯುತ್ತವೆ. ಆದುದರಿಂದ ನೂರು ವರ್ಷ ಬಾಳಿದವರಿಗೂ ಸಾಲುವಷ್ಟು ಉಳಿದಿರುತ್ತವೆ. ಕಸಿಯಾದ ಕಾರ್ನಿಯಾದಲ್ಲಿ ಈ ನಷ್ಟ ಹಲವು ಮಡಿ ವೇಗದಲ್ಲಿ ನಡೆಯುತ್ತದೆ. ಕೊಡುವಾಗಲೇ ಕೆಲವು, ಹೊಲಿಯುವಾಗ ಕೆಲವು, ಆಮೇಲೆ ವರ್ಷವರ್ಷವೂ ಹಲವು. ಸಂಖ್ಯೆ 500ರ ಆಸುಪಾಸಿಗೆ ಇಳಿದಾಗ ಉಳಿದ ಕೋಶಗಳು ಎಷ್ಟು ದುಡಿದರೂ ನೀರು ಗೆಲ್ಲುತ್ತದೆ. ಮಾವಿನ ಕಸಿಯೊಡನೆ ಕಣ್ಣಿನ ಕಸಿಯನ್ನು ಹೋಲಿಸುವವರು ಇಲ್ಲಿ ಎಚ್ಚರವಾಗಿರಬೇಕು. ಮಾವಿನ ಕಸಿ ಬೇರಿನ ರಸವನ್ನು ಹೀರಿ ಹೊಸ ಚಿಗುರು ಒಡೆಯುತ್ತದೆ. ಕಣ್ಣಿನ ಕಸಿ ತಂದ ಗಂಟನ್ನೇ ಕರಗಿಸುತ್ತ ಬಾಳುತ್ತದೆ.

ಇಂಥ ಕಣ್ಣಿಗೆ ಪೊರೆ ಬರುವುದು ಅಪರೂಪವೇನಲ್ಲ. ವಯಸ್ಸು ಎಲ್ಲರಿಗೂ ತರುವ ಪೊರೆಯನ್ನು ಕಸಿಯವರಿಗೂ ತರುತ್ತದೆ. ಅದರ ಜೊತೆಗೆ ಮದ್ದೇ ತರುವ ಪೊರೆಯೊಂದುಂಟು. ಬೇರೊಬ್ಬರ ಅಂಗಾಂಶವನ್ನು ದೇಹ ಶತ್ರುವೆಂದು ಬಗೆದು ಹೊಡೆದಟ್ಟದಂತೆ ತಡೆಯಲು ಕಸಿಯಾದವರು ಸ್ಟೀರಾಯ್ಡಿನ ಹನಿಮದ್ದನ್ನು ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ, ಹಾಕಿಕೊಳ್ಳಬೇಕು. ಅದೇ ಹನಿ ಮಸೂರದ ಹಿಂಬದಿಯನ್ನು ಮಬ್ಬಾಗಿಸುತ್ತದೆ. ಕೆಲವರಲ್ಲಿ ಕಣ್ಣಿನ ಒತ್ತಡವನ್ನೂ ಏರಿಸುತ್ತದೆ. ಈ ಮದ್ದಿನ ಸ್ವಭಾವ ವಿಚಿತ್ರವೇ ಸರಿ: ಶಿಲೀಂಧ್ರದ ಹುಣ್ಣಿರುವಾಗ ಅಂಗಡಿಯಿಂದ ತಂದು ಹಾಕಿದರೆ ಅದು ಹುಣ್ಣಿಗೆ ಗೊಬ್ಬರ; ಕಸಿಯಾದ ಮೇಲೆ ಅದೇ ಕಾವಲುಗಾರ; ಕಾವಲಿಗೆಂದು ಇಟ್ಟುಕೊಂಡರೆ ಪೊರೆಗೂ ಅದೇ ಮೂಲ. ಹೀಗೆಂದು ಕೇಳಿ ಗಾಬರಿಯಿಂದ ಹನಿಯನ್ನು ತಾವಾಗಿ ನಿಲ್ಲಿಸಿದವರು ಪೊರೆಯನ್ನು ತಪ್ಪಿಸಿಕೊಳ್ಳಲು ಹೋಗಿ ಕಸಿಯನ್ನೇ ಕಳೆದುಕೊಂಡಾರು. ಪೊರೆಗೆ ಪರಿಹಾರವಿದೆ. ಕಸಿ ಕೆಟ್ಟರೆ ಪರಿಹಾರಕ್ಕೆ ಮತ್ತೊಬ್ಬರು ಸಾಯಬೇಕು.

ಈ ಬಗೆಯ ಪೊರೆಯ ಮೊದಲ ಗುರುತು ಕತ್ತಲೆಯಲ್ಲ, ಬೆಳಕು. ಬಿಸಿಲಿಗೆ ಹೊರಟರೆ ಕಣ್ಣು ಕೋರೈಸುವುದು, ರಾತ್ರಿ ಎದುರು ಬರುವ ವಾಹನದ ದೀಪ ಒಡೆದು ಹರಡಿದಂತೆ ಕಾಣುವುದು, ಪತ್ರಿಕೆಯ ಸಣ್ಣಕ್ಷರ ಕಲಸಿಕೊಳ್ಳುವುದು. ಮನೆಯವರು ‘ಕಸಿ ಹಳತಾಯಿತು’ ಎಂದು ತಾವೇ ತೀರ್ಮಾನಿಸುವುದುಂಟು. ಕೆಟ್ಟಿರುವುದು ಕಸಿಯೋ ಮಸೂರವೋ ಒತ್ತಡದಿಂದ ಸವೆದ ನರವೋ ಎಂಬುದನ್ನು ಹೇಳಬೇಕಾದವನು ವೈದ್ಯ. ನರ ಸವೆದಿದ್ದರೆ ಪೊರೆ ತೆಗೆದರೂ ಫಲವಿಲ್ಲ.

ಮಳವಳ್ಳಿಯ ಕಡೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಯಜಮಾನನಿಗೆ ಅರವತ್ತೈದು ಮುಟ್ಟಿದೆ; ಬಲಗಣ್ಣಿಗೆ ಹನ್ನೆರಡು ವರ್ಷದ ಹಿಂದೆ ಕಸಿಯಾಗಿದೆ; ಈಗ ಮಬ್ಬು ಕವಿದಿದೆ. ಮಗ ಬಂದು ಹೇಳುತ್ತಾನೆ:

“ಅಪ್ಪಾ, ನಾಳಿಕೆ ಕಣ್ಣಿನ ಕ್ಯಾಂಪು ಅಂತೆ. ಅವ್ರೇ ಬಸ್ನಲ್ಲಿ ಕರ್ಕಂಡೋಗಿ ಕರ್ಕಂಬತ್ತಾರಂತೆ.”

“ಈ ಕಣ್ಗೆ ಬ್ಯಾರೆಯೋರ ಗುಡ್ಡೆ ಹಾಕವ್ರೆ ಕಣ್ಲಾ. ಅದ್ಕೇನಾರ ಆದಾತಾ?”

“ಏನೂ ಆಗಾಕಿಲ್ಲ ಬುಡಪ್ಪ. ಪಕ್ಕದ್ಮನೆ ಅಯ್ಯಂಗೆ ಮಾಡ್ಲಿಲ್ವಾ?”

ಮುದುಕನ ಮಾತಿನಲ್ಲಿ ಒಂದು ತಪ್ಪಿದೆ, ಒಂದು ವಿವೇಕವಿದೆ. ತಪ್ಪೆಂದರೆ, ಗುಡ್ಡೆಯನ್ನು ಯಾರೂ ಬದಲಿಸುವುದಿಲ್ಲ. ಬದಲಾಗುವುದು ಎಂಟು ಮಿಲಿಮೀಟರು ಅಗಲದ ಒಂದು ಬಿಲ್ಲೆ ಮಾತ್ರ. ವಿವೇಕವೆಂದರೆ ಅವನ ಅಳುಕು. ಮಗನ ಧೈರ್ಯವೂ ಆಧಾರವಿಲ್ಲದ್ದಲ್ಲ. ಕಣ್ಣಿನ ಶಿಬಿರಗಳಿಗೆ ಈ ನಾಡಿನಲ್ಲಿ ದೊಡ್ಡ ಚರಿತ್ರೆಯೇ ಇದೆ. 1916ರಲ್ಲಿ ಹುಟ್ಟಿ 2005ರಲ್ಲಿ ತೀರಿಕೊಂಡ ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ, ಒಂದೇ ದಿನದಲ್ಲಿ 833 ಪೊರೆಗಳನ್ನು ತೆಗೆದ ದಾಖಲೆಯನ್ನೂ ಸ್ಥಾಪಿಸಿದರು. ಅವರ ಕಾಲದಲ್ಲಿ ಮಸೂರವನ್ನು ತೆಗೆದು ಸೋಡಾಬುಡ್ಡಿಯ ಕನ್ನಡಕ ಕೊಡುವುದೇ ಕ್ರಮವಾಗಿದ್ದಿತು. ಈಗ ಹಳ್ಳಿಯಲ್ಲಿ ತಪಾಸಣೆ, ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆ, ಕಣ್ಣಿನೊಳಗೇ ಕೃತಕ ಮಸೂರ. ಶಿಬಿರ ಲಕ್ಷಾಂತರ ಮಂದಿಗೆ ಬೆಳಕು ಕೊಟ್ಟಿದೆ, ಅದನ್ನು ಹಳಿಯುವುದು ಅನ್ಯಾಯ. ಆದರೆ ಶಿಬಿರದ ಬಲವಿರುವುದು ಎಲ್ಲ ಕಣ್ಣುಗಳೂ ಸರಿಸುಮಾರು ಒಂದೇ ಎಂಬ ಲೆಕ್ಕದಲ್ಲಿ. ಕಸಿ ಕಣ್ಣು ಆ ಲೆಕ್ಕಕ್ಕೆ ಸೇರದು. ಶಿಬಿರಕ್ಕೆ ಹೋದರೂ ಅಲ್ಲಿ ಮೊದಲು ಹೇಳಬೇಕಾದ ಮಾತು ‘ಈ ಕಣ್ಣಿಗೆ ಕಸಿಯಾಗಿದೆ’ ಎಂಬುದು. ತೋರಿಸಬೇಕಾದುದು ಕಸಿ ಮಾಡಿದ ಆಸ್ಪತ್ರೆಯ ಚೀಟಿ. ಆ ಚೀಟಿ ಅನೇಕ ಮನೆಗಳಲ್ಲಿ ಸೂರಿನ ಸಂದಿಯಲ್ಲೋ ಪಡಿತರ ಚೀಟಿಯ ಒಳಗೋ ಮಡಿಸಿ ಇಟ್ಟು ಮರೆತಿರುತ್ತದೆ.

ಪೊರೆಯ ಶಸ್ತ್ರಕ್ರಿಯೆಯಿಂದ ಕಸಿಗೆ ಆಗುವುದೇನು? ಈಗ ಬಳಕೆಯಲ್ಲಿರುವ ಮುಖ್ಯ ಪದ್ಧತಿ ಚಾರ್ಲ್ಸ್ ಕೆಲ್ಮನ್ ಎಂಬ ಅಮೆರಿಕದ ವೈದ್ಯ 1967ರಲ್ಲಿ ಬಳಕೆಗೆ ತಂದದ್ದು. ಮೂರು ಮಿಲಿಮೀಟರಿಗೂ ಕಡಿಮೆಯಾದ ಕೊಯ್ತದ ಮೂಲಕ ಸೂಜಿಯನ್ನು ಒಳಸೇರಿಸಿ, ಅತಿಧ್ವನಿಯ ಕಂಪನದಿಂದ ಪೊರೆಯನ್ನು ಪುಡಿಮಾಡಿ ಹೀರಿ ತೆಗೆಯುತ್ತಾರೆ. ಈ ಗಲಾಟೆಯೆಲ್ಲ ನಡೆಯುವುದು ಕಾರ್ನಿಯಾದ ಒಳಪದರದಿಂದ ಎರಡು ಮೂರು ಮಿಲಿಮೀಟರು ದೂರದಲ್ಲಿ. ಚೂರುಗಳು ಸಿಡಿಯುತ್ತವೆ, ನೀರು ಸುಳಿಯುತ್ತದೆ, ಕಂಪನದ ಬಿಸಿ ತಗಲುತ್ತದೆ. ಆರೋಗ್ಯವಾದ ಕಣ್ಣಿನಲ್ಲಿಯೂ ಇದರಿಂದ ನೂರಕ್ಕೆ ಹತ್ತರ ಆಸುಪಾಸು ಕೋಶಗಳು ನಾಶವಾಗುವುದುಂಟು. ಪೊರೆ ಗಟ್ಟಿಯಾದಷ್ಟೂ ನಾಶ ಹೆಚ್ಚು. 2500 ಇದ್ದವರಿಗೆ 250 ಹೋದರೆ ಗೊತ್ತೂ ಆಗುವುದಿಲ್ಲ. ಕಸಿಯಲ್ಲಿ ಉಳಿದಿರುವುದೇ 800 ಎಂದಿಟ್ಟುಕೊಂಡರೆ, ಅದರಲ್ಲಿ 150 ಹೋದರೆ ಕಣ್ಣು ಅಂಚಿಗೆ ಬಂದು ನಿಂತಂತೆ. ಆದುದರಿಂದಲೇ ತಿಳಿದ ವೈದ್ಯರು ಮೊದಲು ಸ್ಪೆಕ್ಯುಲರ್ ಸೂಕ್ಷ್ಮದರ್ಶಕದ ಕೆಳಗೆ ಕೋಶಗಳನ್ನು ಎಣಿಸಿ, ಕಾರ್ನಿಯಾದ ದಪ್ಪವನ್ನು ಅಳೆದು, ಅನಂತರವೇ ಶಸ್ತ್ರಕ್ರಿಯೆಯ ಮಾತೆತ್ತುತ್ತಾರೆ. ಕೋಶಗಳ ಮೇಲೆ ಜೆಲ್ಲಿಯಂಥ ದ್ರವವನ್ನು ಗುರಾಣಿಯಂತೆ ಹರಡಿ, ಕಂಪನವನ್ನು ಮಿತವಾಗಿ ಬಳಸುವುದು ಕೈಚಳಕದ ಮಾತು.

ಎರಡನೆಯದು ಗಾಯದ ಸಂಗತಿ. ಕಸಿಯ ಬಿಲ್ಲೆಯೂ ಸ್ವಂತ ಕಾರ್ನಿಯಾವೂ ಸೇರುವ ವರ್ತುಲ ಜೀವಮಾನವಿಡೀ ಸಹಜವಾದ ಗಟ್ಟಿತನವನ್ನು ಪಡೆಯುವುದಿಲ್ಲ. ಇಪ್ಪತ್ತು ವರ್ಷದ ಬಳಿಕವೂ ಎತ್ತಿನ ಕೊಂಬು ತಗಲಿಯೋ ಜಾರಿ ಬಿದ್ದೋ ಅದು ಬಿಚ್ಚಿಕೊಂಡ ಪ್ರಸಂಗಗಳು ವೈದ್ಯಗ್ರಂಥಗಳಲ್ಲಿವೆ. ಪೊರೆಗೆಂದು ಮಾಡುವ ಹೊಸ ಕೊಯ್ತ ಆ ವರ್ತುಲದಿಂದ ದೂರವಿರಬೇಕು. ಮೂರನೆಯದಾಗಿ, ಶಾಂತವಾಗಿದ್ದ ಕಣ್ಣನ್ನು ಮತ್ತೆ ತೆರೆದಾಗ ಒಳಗೆ ಉರಿಯೂತ ಏಳುತ್ತದೆ. ಮಲಗಿದ್ದ ದೇಹದ ಕಾವಲುಪಡೆ ಎಚ್ಚೆತ್ತು, ಎಂದೋ ಒಪ್ಪಿಕೊಂಡಿದ್ದ ಪರಕೀಯ ಕಾರ್ನಿಯಾವನ್ನು ಈಗ ತಿರಸ್ಕರಿಸಲು ತೊಡಗಬಹುದು. ಈ ಕಾರಣಕ್ಕೆ ಶಸ್ತ್ರಕ್ರಿಯೆಯ ಮುನ್ನ ಕೆಲವು ತಿಂಗಳಾದರೂ ಕಣ್ಣು ಕೆಂಪಿಲ್ಲದೆ ಶಾಂತವಾಗಿರಬೇಕು. ಹನಿಮದ್ದನ್ನು ಮೊದಲೇ ಹೆಚ್ಚಿಸಿ, ಆಮೇಲೆ ಬಹಳ ನಿಧಾನವಾಗಿ ಇಳಿಸಬೇಕು.

ಇನ್ನು ಮಸೂರದ ಅಳತೆ. ಕಣ್ಣಿನೊಳಗೆ ಕೃತಕ ಮಸೂರವನ್ನು ಮೊದಲು ಇಟ್ಟವನು ಲಂಡನ್ನಿನ ಹೆರಾಲ್ಡ್ ರಿಡ್ಲಿ, 1949ರಲ್ಲಿ. ಇಡಬೇಕಾದ ಮಸೂರದ ಶಕ್ತಿಯನ್ನು ಇಂದು ಕಾರ್ನಿಯಾದ ಬಾಗನ್ನೂ ಕಣ್ಣಿನ ಉದ್ದವನ್ನೂ ಅಳೆದು ಲೆಕ್ಕಹಾಕುತ್ತಾರೆ. ಸಹಜ ಕಣ್ಣಿನಲ್ಲಿ ಲೆಕ್ಕ ಬಹಳಮಟ್ಟಿಗೆ ಸರಿಹೋಗುತ್ತದೆ. ಕಸಿಯ ಮೈ ಚೆಂಡಿನಂತೆ ಸಮವಾಗಿರದೆ ಸೌತೆಕಾಯಿಯ ಮೈಯಂತೆ ಒಂದು ಕಡೆಗೆ ಹೆಚ್ಚು ಬಾಗಿರುವುದುಂಟು. ತಲೆಗೂದಲಿಗಿಂತ ತೆಳುವಾದ ನೈಲಾನ್ ದಾರದ ಹದಿನಾರೋ ಅದಕ್ಕಿಂತ ಹೆಚ್ಚೋ ಹೊಲಿಗೆಗಳು ಅದನ್ನು ಎಳೆದು ಹಿಡಿದಿರುತ್ತವೆ. ಹೊಲಿಗೆಗಳನ್ನೆಲ್ಲ ಬಿಚ್ಚಲು ಒಂದು ವರ್ಷವೋ ಒಂದೂವರೆ ವರ್ಷವೋ ಹಿಡಿಯುತ್ತದೆ. ಬಿಚ್ಚಿದ ಮೇಲೆ ಬಾಗು ಬದಲಾಗುತ್ತದೆ. ಬಿಚ್ಚುವ ಮೊದಲೇ ಅಳೆದು ಮಸೂರವಿಟ್ಟರೆ, ತೂಗುವ ಮುನ್ನವೇ ಬೆಲೆ ಕಟ್ಟಿದಂತೆ. ಬಿಚ್ಚಿ, ನೆಲೆಗೊಂಡ ಬಳಿಕ ಅಳೆದರೂ ಒಂದೆರಡು ಡಯಾಪ್ಟರುಗಳ ವ್ಯತ್ಯಾಸ ಬಂದೀತು. ಆದಕಾರಣ ಶಸ್ತ್ರಕ್ರಿಯೆಯಾದ ಮೇಲೂ ಕನ್ನಡಕ ಬೇಕಾಗುವುದು ವೈದ್ಯನ ತಪ್ಪಲ್ಲ. ದೂರಕ್ಕೂ ಹತ್ತಿರಕ್ಕೂ ಒಂದೇ ಮಸೂರ ಎಂದು ಜಾಹೀರಾತಿನಲ್ಲಿ ಹೊಗಳುವ ದುಬಾರಿ ಮಸೂರಗಳು ಇಂಥ ಕಣ್ಣಿಗೆ ಸಾಮಾನ್ಯವಾಗಿ ಹೊಂದುವುದಿಲ್ಲ. ಪೇಟೆಯ ಮಕ್ಕಳು ‘ಅಪ್ಪನಿಗೆ ಅತ್ಯುತ್ತಮವಾದದ್ದೇ ಇರಲಿ’ ಎಂದು ಹಠ ಹಿಡಿಯದಿರುವುದು ಲೇಸು.

ಕಸಿಯನ್ನೂ ಪೊರೆಯನ್ನೂ ಒಟ್ಟಿಗೇ ಮುಗಿಸಿದರಾಗದೆ ಎಂದು ಕೇಳುವವರುಂಟು. ಆಗುತ್ತದೆ. ಕಸಿಯ ಸಮಯದಲ್ಲಿಯೇ ಪೊರೆ ಬಲಿತಿದ್ದರೆ ಹಾಗೆಯೇ ಮಾಡುತ್ತಾರೆ. ಒಂದು ಸಲ ಆಸ್ಪತ್ರೆ ಸೇರಿದರೆ ಸಾಕು, ಹೊಸ ಕಸಿಗೆ ಮತ್ತೊಂದು ಪೆಟ್ಟು ತಪ್ಪಿತು. ಆದರೆ ಮುಂದೆ ಯಾವ ಬಾಗು ಪಡೆಯುವುದೋ ತಿಳಿಯದ ಕಾರ್ನಿಯಾಕ್ಕೆ ಅಂದಾಜಿನ ಮಸೂರ ಇಟ್ಟಂತಾಗುತ್ತದೆ. ಅಷ್ಟು ಹೊತ್ತು ಕಣ್ಣು ತೆರೆದಿರುವುದರ ಅಪಾಯವೂ ಇದೆ. ಒಳಪದರ ಮಾತ್ರ ಬದಲಿಸುವ ಹೊಸ ಪದ್ಧತಿಯಲ್ಲಿ ಈ ತೊಡಕು ಬಹಳ ಕಡಿಮೆ; ಅಲ್ಲಿ ಪೊರೆಯನ್ನು ಮೊದಲೋ ಜೊತೆಗೋ ತೆಗೆಯುವುದೇ ರೂಢಿ. ಸೋಗೆ ಗೀರಿ ಪೂರ್ಣ ದಪ್ಪದ ಕಸಿ ಪಡೆದವರಲ್ಲಿ, ಕಾದು, ಹೊಲಿಗೆ ಬಿಚ್ಚಿ, ಪೊರೆಯನ್ನು ಬೇರೆಯಾಗಿ ತೆಗೆಯುವುದರಿಂದ ನೋಟದ ಗುಣ ಹೆಚ್ಚು. ಕಾಯುವುದೆಂದರೆ ಮಿತಿಮೀರಿ ಕಾಯುವುದೆಂದಲ್ಲ. ‘ಪೊರೆ ಚೆನ್ನಾಗಿ ಬಲಿಯಲಿ’ ಎಂಬ ಹಿಂದಿನವರ ಮಾತು ಕನ್ನಡಕದ ಕಾಲಕ್ಕೆ ಸರಿಯಿದ್ದಿತು. ಬಲಿತ ಪೊರೆಯನ್ನು ಒಡೆಯಲು ಹೆಚ್ಚು ಕಂಪನ ಬೇಕು, ಹೆಚ್ಚು ಕಂಪನಕ್ಕೆ ಹೆಚ್ಚು ಕೋಶಗಳ ಬಲಿ. ಕಸಿ ಕಣ್ಣಿನಲ್ಲಿ ಆ ಮಾತು ತಿರುಗುಮುರುಗಾಗಿದೆ.

ಇಷ್ಟೆಲ್ಲ ಕೇಳಿ ಶಸ್ತ್ರಕ್ರಿಯೆಯೇ ಬೇಡವೆಂದು ಕೂರಬೇಕಾಗಿಲ್ಲ. ಸಿದ್ಧತೆಯಿಂದ ಮಾಡಿದಲ್ಲಿ ಬಹುಪಾಲು ಕಸಿಗಳು ತಿಳಿಯಾಗಿಯೇ ಉಳಿದು, ನೋಟ ಸ್ಪಷ್ಟವಾಗಿ ಸುಧಾರಿಸುತ್ತದೆ. ಸಿದ್ಧತೆಯ ಹೆಚ್ಚಿನ ಭಾಗ ಬೀಳುವುದು ಮನೆಯವರ ಮೇಲೆ. ಮಂಡ್ಯದಿಂದ ಬೆಂಗಳೂರಿಗೆ ಸುಮಾರು ನೂರು ಕಿಲೋಮೀಟರು. ಮೈಸೂರಿಗೆ ಅದರ ಅರ್ಧಕ್ಕೂ ಕಡಿಮೆ. ಮಂಡ್ಯ, ಮದ್ದೂರುಗಳಲ್ಲಿ ರೈಲು ನಿಲ್ಲುತ್ತದೆ. ಮಳವಳ್ಳಿಗೆ ರೈಲಿಲ್ಲ, ಬಸ್ಸೇ ಗತಿ. ಮಂಡ್ಯದ ಸರ್ಕಾರಿ ವೈದ್ಯಕೀಯ ಸಂಸ್ಥೆ 2006ರಿಂದ ಇದೆ. ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಯ ಕಟ್ಟಡ 1913ರದು. ಆಸ್ಪತ್ರೆಗಳು ದೂರವಿಲ್ಲ. ದೂರವಾಗಿ ಕಾಣುವುದು ಎರಡನೆಯ ಸಲ, ಮೂರನೆಯ ಸಲ ಹೋಗಬೇಕಾದಾಗ. ಶಸ್ತ್ರಕ್ರಿಯೆಗೆ ನಾಲ್ಕು ಜನ ಜೊತೆ ಹೋಗುತ್ತಾರೆ. ಆರನೆಯ ವಾರದ ತಪಾಸಣೆಗೆ ಒಬ್ಬರೂ ಸಿಕ್ಕುವುದಿಲ್ಲ. ಕಟಾವು, ನಾಟಿ, ಮಗಳ ಬಾಣಂತನ, ಏನಾದರೊಂದು ಅಡ್ಡ. ಅಷ್ಟರಲ್ಲಿ ಹನಿಮದ್ದಿನ ಸೀಸೆ ಖಾಲಿಯಾಗಿರುತ್ತದೆ. ‘ಕಣ್ಣು ಕಾಣುತ್ತಿದೆಯಲ್ಲ, ಇನ್ನೇತಕ್ಕೆ’ ಎಂದು ಮತ್ತೊಂದನ್ನು ತರುವುದಿಲ್ಲ.

ಶಸ್ತ್ರಕ್ರಿಯೆಯಾದ ಕಸಿ ಕಣ್ಣಿನಲ್ಲಿ ಕೆಂಪು ಕಾಣಿಸಿದರೆ, ಬೆಳಕನ್ನು ತಾಳಲಾಗದಿದ್ದರೆ, ನೋಟ ನಿನ್ನೆಗಿಂತ ಇಂದು ಮಂಕಾದರೆ, ನೋವೆದ್ದರೆ, ಈ ನಾಲ್ಕರಲ್ಲಿ ಒಂದೇ ಒಂದಿದ್ದರೂ ಸೋಮವಾರದವರೆಗೆ ಕಾಯಬಾರದು. ಅದು ತಿರಸ್ಕಾರದ ಆರಂಭವಾಗಿರಬಹುದು. ಅಂದೇ, ತಪ್ಪಿದರೆ ಮರುದಿನ, ವೈದ್ಯನನ್ನು ಕಂಡರೆ ಗಂಟೆಗೊಮ್ಮೆ ಹಾಕುವ ಹನಿಯಿಂದಲೇ ಅನೇಕ ಕಸಿಗಳು ಉಳಿಯುತ್ತವೆ. ವಾರ ಕಳೆದು ಹೋದರೆ ಸತ್ತ ಕೋಶಗಳನ್ನು ಯಾವ ಹನಿಯೂ ತರಲಾರದು. ಒಂದು ಕಣ್ಣನ್ನು ಮುಚ್ಚಿ, ಗೋಡೆಯ ಕ್ಯಾಲೆಂಡರಿನ ಒಂದೇ ಅಂಕಿಯನ್ನು ಒಂದೇ ಜಾಗದಲ್ಲಿ ನಿಂತು ದಿನವೂ ಬೆಳಿಗ್ಗೆ ನೋಡುವ ಅಭ್ಯಾಸವಿದ್ದರೆ, ಮಂಕಾದುದು ಮೊದಲ ದಿನವೇ ತಿಳಿಯುತ್ತದೆ. ಮೊಮ್ಮಕ್ಕಳಿಗೆ ಈ ಕೆಲಸ ವಹಿಸಿದರೆ ಅವರು ಮರೆಯುವುದಿಲ್ಲ. ತಾತನನ್ನು ಪರೀಕ್ಷೆ ಮಾಡುವ ಅವಕಾಶವನ್ನು ಯಾವ ಮಗು ಬಿಟ್ಟೀತು?

ಇಷ್ಟಾಗಿಯೂ ಕೆಲವು ಕಣ್ಣುಗಳಲ್ಲಿ ಕೋಶಗಳ ಗಂಟು ಮುಗಿದು ಕಸಿ ಮಂಜಾಗುತ್ತದೆ. ಹಿಂದೆ ಅಂಥವರಿಗೆ ಇಡೀ ಬಿಲ್ಲೆಯನ್ನು ಕತ್ತರಿಸಿ ತೆಗೆದು ಮತ್ತೊಂದನ್ನು ಹೊಲಿಯಬೇಕಾಗಿದ್ದಿತು. ಮತ್ತೆ ಒಂದೂವರೆ ವರ್ಷದ ಹೊಲಿಗೆಯ ಕಾಟ. ಈಗ ಹಳೆಯ ಕಸಿಯ ಆಕಾರ ಚೆನ್ನಾಗಿದ್ದರೆ ಅದನ್ನು ಅಲ್ಲಿಯೇ ಬಿಟ್ಟು, ಅದರ ಒಳಮೈಗೆ ಹೊಸ ಒಳಪದರವೊಂದನ್ನು ಗಾಳಿಯ ಗುಳ್ಳೆಯಿಂದ ಒತ್ತಿ ಅಂಟಿಸುತ್ತಾರೆ. ರೋಗಿ ಕೆಲವು ಗಂಟೆ ಅಂಗಾತ ಮಲಗಿ ಸೂರನ್ನು ನೋಡುತ್ತಿರಬೇಕು, ಅಷ್ಟೆ. ಆ ಪದರವೂ ತೀರಿಹೋದ ಯಾರೋ ಒಬ್ಬರ ಮನೆಯಿಂದ, ಉಸಿರು ನಿಂತ ಆರು ಗಂಟೆಗಳ ಒಳಗೆ ಬರಬೇಕು. ಕೊಡುವವರಿಗೆ ಕನ್ನಡಕವಿದ್ದರೂ ಅಡ್ಡಿಯಿಲ್ಲ, ಸಕ್ಕರೆ ಕಾಯಿಲೆಯಿದ್ದರೂ ಅಡ್ಡಿಯಿಲ್ಲ. ಪೊರೆಯ ಶಸ್ತ್ರಕ್ರಿಯೆಯಾಗಿದ್ದವರ ಕಣ್ಣನ್ನೂ ತೆಗೆದುಕೊಳ್ಳುತ್ತಾರೆ, ಕೋಶಗಳನ್ನು ಎಣಿಸಿ ನೋಡಿ. ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿಯಿಟ್ಟು, ತಲೆಯ ಕೆಳಗೆ ದಿಂಬಿಟ್ಟು ಎತ್ತರಿಸಿ, ಫ್ಯಾನು ನಿಲ್ಲಿಸಿ, ನೇತ್ರಭಂಡಾರಕ್ಕೆ ದೂರವಾಣಿ ಮಾಡಿದರೆ ಅವರೇ ಮನೆಗೆ ಬರುತ್ತಾರೆ. ಅರ್ಧ ಗಂಟೆಯ ಕೆಲಸ. ಮುಖಕ್ಕೆ ಯಾವ ವಿಕಾರವೂ ಉಂಟಾಗುವುದಿಲ್ಲ.